ಹಾಸನದಿಂದ ಹಳೇ ಲ್ಯಾಟಿನ್ ಪೂಜೆಗೆ ಹೋಗುವವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಹಾಸನ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನ ಟೌನಿನಲ್ಲೇ. ಮಗಳಿಗೆ ಏಳು ವರ್ಷ, ಬರುವ ವರ್ಷ ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ತೆಗೆದುಕೊಳ್ಳೋದು). ಸ್ವಲ್ಪ ಸಮಯದಿಂದ ನನ್ನ ಮನಸ್ಸು ನಮ್ಮ ಕಥೋಲಿಕ ಚರ್ಚಿನ ಹಳೇ ಲ್ಯಾಟಿನ್ ಪೂಜೆಯ ಕಡೆ ಎಳೆಯುತ್ತಿದೆ. 1962ರ ಪೂಜಾಗ್ರಂಥದ ಪೂಜೆ, ಗುರುಗಳು (ಪಾದ್ರಿಗಳು) ಬಲಿಪೀಠದ ಕಡೆ ಮುಖ ಮಾಡಿ ನಿಲ್ಲುತ್ತಾರಲ್ಲ, ಅದು. ಹತ್ತಿರದಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಹೆಂಡತಿಗೆ ದೂರದ ಕಾರು ಪ್ರಯಾಣ ಆಗಲ್ಲ. ಅಪ್ಪ ಚರ್ಚಿನ ಪಾಲನಾ ಮಂಡಳಿಯಲ್ಲಿ ಇದ್ದವರು, ಅವರಿಗೆ ಈ ಮಾತು ಕೇಳಿದರೇ ಸಿಟ್ಟು. ತಿಂಗಳಿಗೊಂದು ಸಲ ಹೋದರೆ ಸಾಕಾ? ಮಗಳ ವಿಷಯದಲ್ಲಿ ನಮ್ಮ ಚರ್ಚಿನಲ್ಲಿ ತೊಂದರೆ ಆಗುತ್ತಾ? ಹೋಗಿ ನೋಡಿದವರು ದಯವಿಟ್ಟು ಹೇಳಿ.

ಸಕಲೇಶಪುರ ತೋಟದವನು:

ಹೋಗಿ ಬ್ರದರ್. ಯಾರನ್ನೂ ಕೇಳಬೇಡಿ, ಹೋಗಿ. ನಾನು ಬೆಂಗಳೂರಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಪೂಜೆ ಇದ್ದರೆ ಮನೆ ಬಿಡೋದು ರಾತ್ರಿ ಮೂರಕ್ಕೆ. ಹೋಗಿ ಬರಲು 450 ಕಿಲೋಮೀಟರ್ ಹತ್ತಿರ. ನನ್ನ ಗಾಡಿ ಲೀಟರಿಗೆ 15 ಕೊಡುತ್ತೆ, ಪೆಟ್ರೋಲಿಗೇ ಮೂರು ಸಾವಿರ. ಟೋಲು, ನೆಲಮಂಗಲದ ತಿಂಡಿ ಸೇರಿದರೆ ನಾಲ್ಕು ದಾಟುತ್ತೆ. ರೈಲು ಅಗ್ಗ. ಕುಣಿಗಲ್ ಮೇಲೆ ಲೈನ್ ಆದಮೇಲೆ ಬೇಗನೂ ಆಯ್ತು. ಆದ್ರೆ ಬೆಳಗಿನ ಪೂಜೆಗೆ ಟೈಮಿಂಗ್ ಕೂಡಿಬರಲ್ಲ, ಹಿಂದಿನ ರಾತ್ರಿ ಲಾಡ್ಜ್ ಮಾಡಬೇಕು. ಅದಕ್ಕೆ 1,400.

ಪೂಜಾ ಪುಸ್ತಕ ಅಮೆರಿಕದಿಂದ ತರಿಸಿದೆ. ಪುಸ್ತಕ 5,600, ಕಳಿಸೋಕೆ 3,100, ಕಸ್ಟಮ್ಸಿನವರು ಇನ್ನೊಂದಷ್ಟು ಕಿತ್ತರು. ಬಂದಿದ್ದು ಜೂನಿನಲ್ಲಿ. ಪೋಸ್ಟಿನವರು ಗೇಟಿನ ಹತ್ತಿರ ಇಟ್ಟು ಹೋಗಿದ್ದಾರೆ. ನಮ್ಮ ಕಡೆ ಜೂನ್ ಮಳೆ ಗೊತ್ತಲ್ವಾ? ಶುಭ ಶುಕ್ರವಾರದ ಪುಟಗಳೆಲ್ಲ ಅಂಟಿಕೊಂಡಿದ್ದವು. ಒಂದೊಂದೇ ಹಾಳೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ.

ಪರಮಪ್ರಸಾದಕ್ಕೆ ಮುಂಚಿನ ಉಪವಾಸ ನಾವು ಹಳೇ ಲೆಕ್ಕದಲ್ಲಿ ಹಿಡಿಯುತ್ತಿದ್ದೆವು. 1957ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಕೊಟ್ಟ ಮೂರು ಗಂಟೆ. ಈಗಿನ ಒಂದು ಗಂಟೆ ಅಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಶನಿವಾರ ಆಳುಗಳಿಗೆ ಬಟವಾಡೆ ಮುಗಿಸಿ ರಾತ್ರಿ ಹೊರಡೋದು ಎಷ್ಟು ಕಷ್ಟ ಅಂತ ತೋಟ ಇರುವವರಿಗೇ ಗೊತ್ತು. ಆದರೂ ಹೋದೆ. ಗುರುಗಳು ಪೂಜೆಯ ರೊಟ್ಟಿ ಎತ್ತುವಾಗ ಪೀಠಸೇವಕ ಹುಡುಗ ಅವರ ಮೇಲಂಗಿಯ ಹಿಂದಿನ ತುದಿಯನ್ನು ಎಡಗೈಯಲ್ಲಿ ಸ್ವಲ್ಪ ಎತ್ತಿ ಹಿಡಿದು ಬಲಗೈಯಲ್ಲಿ ಗಂಟೆ ಬಾರಿಸುತ್ತಾನೆ. ಆ ಒಂದು ಗಳಿಗೆಗೆ ನಾಲ್ಕು ಸಾವಿರ ಜಾಸ್ತಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2021 ಜುಲೈ 16ಕ್ಕೆ ಪೋಪ್ ಫ್ರಾನ್ಸಿಸ್ ಅವರ ಆದೇಶ ಬಂತು. ಹಳೇ ಪೂಜೆ ಮಾಡಲು 2007ರಲ್ಲಿ ಪೋಪ್ ಬೆನೆಡಿಕ್ಟರು ಎಲ್ಲ ಗುರುಗಳಿಗೂ ಕೊಟ್ಟಿದ್ದ ಸ್ವಾತಂತ್ರ್ಯ ಹೋಯ್ತು. ನಾವು ಹೋಗುತ್ತಿದ್ದ ಕಡೆ ಪೂಜೆ ನಿಂತೇ ಹೋಯ್ತು. ಆ ನೋವು ಇನ್ನೂ ಇದೆ.

ಮೂಡಿಗೆರೆ ಬಾಯಿ:

ತೋಟದವರೇ, ನಿಮ್ಮ ಪೆಟ್ರೋಲ್ ಲೆಕ್ಕ ಓದಿದೆ. ಮನೆಯಲ್ಲಿ ಉಳಿದವರ ಲೆಕ್ಕ ಯಾರು ಬರೆಯೋದು?

ನನ್ನ ತಮ್ಮ ಹೀಗೇ ಶುರು ಮಾಡಿದ್ದು. ಮೊದಲು ತಿಂಗಳಿಗೊಮ್ಮೆ. ಆಮೇಲೆ ಪ್ರತಿ ಭಾನುವಾರ. ಆಮೇಲೆ ಊರಿನ ಪೂಜೆ ಪೂಜೆಯೇ ಅಲ್ಲ ಅಂದ. ಅಮ್ಮ ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟು ಚರ್ಚಿನ ಬಾಗಿಲವರೆಗೆ ಬಂದ. ಒಳಗೆ ಬರಲಿಲ್ಲ. ಪೂಜೆ ಮುಗಿಯುವವರೆಗೂ ಹೊರಗೆ ಗಂಟೆಗೋಪುರದ ಪಕ್ಕ ಜಪಸರ ಹಿಡಿದು ನಿಂತಿದ್ದ. ಮಣ್ಣಿಗೆ ಬಂದ, ಊಟಕ್ಕೆ ಬರಲಿಲ್ಲ. ಅಮ್ಮ ಆ ಚರ್ಚಿನಲ್ಲಿ ಮದುವೆ ಆದವರು. ನಮ್ಮಿಬ್ಬರ ಜ್ಞಾನಸ್ನಾನವೂ ಅಲ್ಲೇ ಆಗಿದ್ದು. ಏಳನೇ ದಿನದ ಪೂಜೆಗೆ ಫೋನ್ ಮಾಡಿದರೆ ಎತ್ತಲಿಲ್ಲ.

ನಮಗೆ ಭಕ್ತಿ ಇಲ್ಲವಾ? ಆಗಸ್ಟ್ 30ರಿಂದ ಮೊಂತಿ ಹಬ್ಬದ (ಮರಿಯ ಮಾತೆಯ ಹುಟ್ಟುಹಬ್ಬ) ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಳೆಯಲ್ಲಿ ಮಕ್ಕಳು ತೋಟದ ಹೂ ಕಿತ್ತು ತಂದು ಮಾತೆಗೆ ಹಾಕುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಆಶೀರ್ವಾದ. ಅವತ್ತು ಮನೆಯಲ್ಲಿ ಮೀನು ಮಾಂಸ ಇಲ್ಲ, ಎಲೆ ತುಂಬ ತರಕಾರಿ. ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಹಿರಿಯರು ಕೊಟ್ಟರೆ ಅಷ್ಟೇ ಊಟ ಶುರು. ಇದು ಹಳೇದಲ್ಲವಾ? ಇದಕ್ಕೆ ಬೆಂಗಳೂರಿಗೆ ಹೋಗಬೇಕಾ?

ಸಕಲೇಶಪುರ ತೋಟದವನು:

ಬಾಯಿ, ನಿಮ್ಮ ತಮ್ಮನ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ. ನಾನು ಊರಿನ ಪೂಜೆ ಬಿಟ್ಟವನಲ್ಲ. ಅದು ಪೂಜೆಯಲ್ಲ ಅಂತ ಹೇಳಿದವನೂ ಅಲ್ಲ. ಆದರೆ ಕೊರೋನಾ ಬಂದಾಗ ಕೈಯಲ್ಲೇ ಪರಮಪ್ರಸಾದ ಅಂದರು. ಕೊರೋನಾ ಹೋದಮೇಲೂ ನಾನು ಮೊಣಕಾಲೂರಿ ನಾಲಿಗೆ ಚಾಚಿದರೆ ಹಿಂದೆ ನಿಂತವರು ಗೊಣಗುತ್ತಾರೆ. ರೋಮಿನ 2004ರ ನಿಯಮದಲ್ಲೇ ಇದೆ, ನಾಲಿಗೆಯ ಮೇಲೆ ತೆಗೆದುಕೊಳ್ಳುವ ಹಕ್ಕು ಪ್ರತಿಯೊಬ್ಬ ಭಕ್ತನಿಗೂ ಯಾವಾಗಲೂ ಇದೆ ಅಂತ. ಅದನ್ನು ಪ್ರಿಂಟ್ ತೆಗೆದು ಕೊಟ್ಟರೂ ನಮ್ಮ ಕಡೆ ಓದುವವರಿಲ್ಲ.

ಆಲೂರು ರೋಡ್:

ಪ್ರಶ್ನೆ ಕೇಳಿದವರೇ, ಲ್ಯಾಟಿನ್ನೋ ಕನ್ನಡವೋ ಆಮೇಲೆ ನೋಡಿ. ಮೊದಲು ಚರ್ಚಿನ ವಂತಿಗೆ ರಸೀದಿ ಎತ್ತಿಡಿ. ನಾವು ಕೆಲಸಕ್ಕೆ ಅಂತ ಹೊರಗೆ ಇದ್ದು ವಾಪಸ್ ಬಂದವರು. ಮಗನ ಮೊದಲ ಪರಮಪ್ರಸಾದಕ್ಕೆ ಹೆಸರು ಕೊಡಲು ಹೋದರೆ ಹಳೇ ಬಾಕಿ 7,200 ಅಂದರು. ಕಟ್ಟಿದೆ. ಸ್ಮಶಾನದ ನಿಧಿ ಬೇರೆ 3,000 ಅಂದರು. ಕಟ್ಟಿದೆ. ಹಬ್ಬದ ತೇರಿಗೆ 2,500. ಅದನ್ನೂ ಕಟ್ಟಿದೆ. ಧರ್ಮೋಪದೇಶ ಕ್ಲಾಸಿನ ಹಾಜರಿ ಕಮ್ಮಿ ಇದೆ ಅಂತ ಅಷ್ಟಾದರೂ ಒಂದು ವರ್ಷ ಮುಂದಕ್ಕೆ ಹಾಕಿದರು. ಹೊಲಿಸಿದ ಬಿಳಿ ಪ್ಯಾಂಟ್ ಶರ್ಟ್ ಮಗನಿಗೆ ಗಿಡ್ಡ ಆಯ್ತು, ಮತ್ತೆ 1,850.

ಭಾನುವಾರ ಬೇರೆ ಕಡೆ ಹೋದರೆ ಪಾಪ ಏನಿಲ್ಲ. ಆದರೆ ಮಗುವಿನ ಕ್ಲಾಸು ಭಾನುವಾರವೇ ಇರುತ್ತೆ. ಯಾರೂ ಇದನ್ನು ಹೇಳಲ್ಲ.

ಹಾಸನ (ಪ್ರಶ್ನೆ ಕೇಳಿದವರು):

ಥ್ಯಾಂಕ್ಸ್ ಸರ್. ಕ್ಲಾಸಿನ ವಿಷಯ ನನಗೆ ಹೊಳೆದಿರಲಿಲ್ಲ. ಹಾಜರಿ ಎಷ್ಟಿದ್ದರೆ ಸಾಕು ಅಂತಾರೆ?

ರಿಟೈರ್ಡ್ ಮೇಷ್ಟ್ರು:

ನಾನು ಲ್ಯಾಟಿನ್ ಪೂಜೆಗೆ ಪೀಠಸೇವಕನಾಗಿದ್ದವನು, ಆದ್ದರಿಂದ ಹೇಳ್ತೀನಿ. ಗುರುಗಳು ದೊಮಿನುಸ್ ವೊಬಿಸ್ಕುಂ ಅಂದರೆ ನಾವು ಏತ್ ಕುಂ ಸ್ಪಿರಿತು ತುವೊ ಅನ್ನಬೇಕು. ಅರ್ಥ ಗೊತ್ತಿರಲಿಲ್ಲ. ಉಚ್ಚಾರ ತಪ್ಪಿದರೆ ಉಪದೇಶಿಗಳು ಪೂಜೆ ಮುಗಿದ ಮೇಲೆ ಕಿವಿ ಹಿಂಡುತ್ತಿದ್ದರು. ನನ್ನ ತಾಯಿ ಪೂಜೆಯುದ್ದಕ್ಕೂ ಜಪಸರ ಎಣಿಸುತ್ತಿದ್ದರು. ಗಂಟೆ ಆದಾಗ ತಲೆ ಎತ್ತುತ್ತಿದ್ದರು, ಅಷ್ಟೇ. ಬೈಬಲಿನ ಶುಭಸಂದೇಶ ಕನ್ನಡದಲ್ಲಿ ಪೀಠದಿಂದ ಕೇಳಿಬಂದ ದಿನ ಆಕೆ ಅತ್ತರು.

ಇದು ಸುಮ್ನೆ ಬಂದಿದ್ದಲ್ಲ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಮೈಸೂರಿನಿಂದ ಬೇರೆಯಾಗಿದ್ದು 1963ರಲ್ಲಿ. ಅದೇ ವರ್ಷ ಡಿಸೆಂಬರ್ 4ಕ್ಕೆ ವ್ಯಾಟಿಕನ್ ಮಹಾಸಭೆ ಆರಾಧನೆಯ ಸಂವಿಧಾನ ಕೊಟ್ಟಿತು, ಜನರ ಭಾಷೆಗೆ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆದ ಮೇಲೂ ಹಾಸನ ಚಿಕ್ಕಮಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಒಳ್ಳೆ ಸಮಯ ಸಿಗಲು ನಾವು ಅರ್ಜಿ ಮೇಲೆ ಅರ್ಜಿ ಕೊಡಬೇಕಾಯ್ತು. ಅಷ್ಟು ಕಷ್ಟಪಟ್ಟು ಪಡೆದಿದ್ದನ್ನು ಈಗಿನ ಹುಡುಗರು ಬೇಡ ಅಂತಾರೆ. ನನಗೆ ಅದು ಸಹಿಸಲು ಆಗಲ್ಲ.

ಚಿಕ್ಕಮಗಳೂರು ಪೇಟೆ:

ಮೇಷ್ಟ್ರೇ, ಒಳ್ಳೆ ಸಮಯ ಅಂದರೆ ಏನು? ನಮ್ಮ ಕೊಂಕಣಿ ಪೂಜೆಯನ್ನು ಬೆಳಿಗ್ಗೆ ಆರಕ್ಕೆ ತಳ್ಳೋದಾ? ಎಸ್ಟೇಟುಗಳಿಂದ ಬರುವ ವಯಸ್ಸಾದವರು ಚಳಿಯಲ್ಲಿ ಆರಕ್ಕೆ ಹೇಗೆ ಬರಬೇಕು? ನನ್ನ ತಂದೆ ಸಾಯುವವರೆಗೆ ತೇರ್ಸ್ (ಜಪಸರದ ಪ್ರಾರ್ಥನೆ) ಕೊಂಕಣಿಯಲ್ಲೇ ಹೇಳಿದವರು. ಕೊನೆಯ ಕಾಲದಲ್ಲಿ ಪಾಪನಿವೇದನೆಗೆ ಕೊಂಕಣಿ ಬರುವ ಪಾದ್ರಿ ಸಿಗಲಿಲ್ಲ ಅಂತ ಕೊರಗಿದರು. ಲ್ಯಾಟಿನ್ ಇದ್ದಾಗ ಈ ಜಗಳವೇ ಇರಲಿಲ್ಲ. ಕನ್ನಡದವರು, ಕೊಂಕಣಿಯವರು, ತಮಿಳರು ಎಲ್ಲ ಒಂದೇ ಪೂಜೆಗೆ ಬರುತ್ತಿದ್ದರು.

ರಿಟೈರ್ಡ್ ಮೇಷ್ಟ್ರು:

ಯಾರಿಗೂ ಅರ್ಥವಾಗದ ಪೂಜೆಯಲ್ಲಿ ಜಗಳ ಇರಲಿಲ್ಲ ಅನ್ನೋದು ಹೆಚ್ಚುಗಾರಿಕೆ ಅಲ್ಲ. ನಿಮ್ಮ ತಂದೆಯ ವಿಷಯ ಕೇಳಿ ಬೇಜಾರಾಯ್ತು. ಹಾಗೇ ಇಲ್ಲಿ ಹಳ್ಳಿಯ ಕನ್ನಡ ಮಾತ್ರ ಬಲ್ಲ ಅಜ್ಜಿಯರೂ ಕೊರಗಿದ್ದಾರೆ.

ಎನ್.ಆರ್.ಪುರ ರಬ್ಬರ್:

ನಾವು ಸಿರೋ ಮಲಬಾರ್ ಸಭೆಯವರು, ಕೇರಳದ ಪೌರಸ್ತ್ಯ ಪದ್ಧತಿಯ ಕಥೋಲಿಕರು. ಅಜ್ಜ ಕೇರಳದಿಂದ ಬಂದು ಇಲ್ಲಿ ಕಾಡು ಕಡಿದು ರಬ್ಬರ್ ಹಾಕಿದವರು. 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರ ಆದಮೇಲೆ ನಮಗೆ ನಮ್ಮದೇ ಬಿಷಪ್ಪರು ಸಿಕ್ಕರು. ಅದಕ್ಕೆ ಮುಂಚೆ ಪಟ್ಟ ಪಾಡು ಬೇರೆ.

ಗುರುಗಳು ಯಾವ ಕಡೆ ತಿರುಗಬೇಕು ಅಂತ ಜಗಳ ಮಾಡಿದರೆ ಏನಾಗುತ್ತೆ ಅಂತ ನಮ್ಮನ್ನು ಕೇಳಿ. ಅರ್ಧ ಪೂಜೆ ಜನರ ಕಡೆ, ಅರ್ಧ ಬಲಿಪೀಠದ ಕಡೆ ಅಂತ ನಮ್ಮ ಸಿನೊಡ್ (ಬಿಷಪ್ಪರ ಸಭೆ) ಒಂದೇ ಕ್ರಮ ಮಾಡಿತು. 2021 ನವೆಂಬರಿನಿಂದ ಜಾರಿ ಅಂದರು. ಎರ್ನಾಕುಲಂನಲ್ಲಿ ಒಪ್ಪಲಿಲ್ಲ. 2022ರ ಕ್ರಿಸ್‌ಮಸ್ ಮುಂಚೆ ಅಲ್ಲಿನ ಬೆಸಿಲಿಕಾದ ಬಲಿಪೀಠದ ಮೇಲೇ ತಳ್ಳಾಟ ಆಯ್ತು, ಚರ್ಚು ಮುಚ್ಚಿತು. ನನ್ನ ಸೋದರತ್ತೆಯ ಮನೆ ಅಲ್ಲೇ. ಅವರ ಇಬ್ಬರು ಗಂಡು ಮಕ್ಕಳು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಆ ವರ್ಷ ಕ್ರಿಸ್‌ಮಸ್‌ಗೆ ನಾವು ಇಲ್ಲಿಂದ ತೆಗೆದುಕೊಂಡು ಹೋಗಿದ್ದ ಕೇಕು, ಕಾಫಿ ಪುಡಿ, ಮೆಣಸು ಎರಡು ಪಾಲು ಮಾಡಿ ಎರಡು ಮನೆಗೆ ಕೊಟ್ಟು ಬಂದೆವು. ಬಸ್ ಚಾರ್ಜು, ಆಟೋ ಎಲ್ಲ ಸೇರಿ ಎಂಟು ಸಾವಿರ ಮುಗಿಯಿತು, ಒಂದು ಕಡೆ ಕೂತು ಊಟ ಮಾಡಲಿಲ್ಲ.

ಬಲಿಪೀಠದ ಕಡೆ ತಿರುಗುವ ಪೂಜೆ ಬೇಕಿದ್ದರೆ ನಮ್ಮ ಪೂಜೆಗೆ ಬನ್ನಿ. ಯಾವ ಕಥೋಲಿಕ ಪದ್ಧತಿಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ಮುಗಿಯುತ್ತೆ. ಧರ್ಮಸಭೆಯ ಕಾನೂನಿನ 1248ನೇ ವಿಧಿಯಲ್ಲೇ ಇದೆ. ಆದರೆ ಮಲಯಾಳಂ.

ಸಕಲೇಶಪುರ ತೋಟದವನು:

ನಿಮ್ಮದು ಪೌರಸ್ತ್ಯ ಪದ್ಧತಿ, ಸಂತ ತೋಮರಿಂದ ಬಂದದ್ದು ಅಂತಾರೆ, ಅದಕ್ಕೆ ಗೌರವ ಇದೆ. ನಮ್ಮ ಅಜ್ಜಂದಿರ ಪೂಜೆ ಅದಲ್ಲ. ಸಂತ ತೋಮರ ಹಬ್ಬವನ್ನೇ ನೋಡಿ. ಹಳೇ ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 21. 1969ರ ಬದಲಾವಣೆಯಲ್ಲಿ ಜುಲೈ 3 ಆಯ್ತು. ನಾನು ಎರಡೂ ದಿನ ಮನೆಯಲ್ಲಿ ದೀಪ ಹಚ್ಚುತ್ತೇನೆ.

ಎನ್.ಆರ್.ಪುರ ರಬ್ಬರ್:

ನಾವು ಜುಲೈ 3ರ ಹಬ್ಬವನ್ನು 1969ಕ್ಕೆ ಮುಂಚಿನಿಂದಲೂ ಮಾಡ್ತಾ ಇದ್ದೀವಿ. ರೋಮಿನವರು ನಮ್ಮ ದಿನಕ್ಕೆ ಬಂದರು, ನಾವು ಅವರ ದಿನಕ್ಕೆ ಹೋಗಲಿಲ್ಲ. ಸ್ವಲ್ಪ ನೋಡಿ ಬರೆಯಿರಿ.

ಬೇಲೂರು, ಕಾನೂನು ಓದಿದವಳು:

ಯಾರೂ ಕೆಲಸಕ್ಕೆ ಬರುವ ಮಾತು ಹೇಳಲಿಲ್ಲ. ಈಗಿನ ನಿಯಮದಲ್ಲಿ 1962ರ ಪೂಜೆಗೆ ಅನುಮತಿ ಕೊಡುವವರು ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು. 2023 ಫೆಬ್ರವರಿಯ ಆದೇಶದ ಪ್ರಕಾರ ಊರಿನ ಧರ್ಮಕೇಂದ್ರದ ಚರ್ಚಿನಲ್ಲೇ ಮಾಡಬೇಕು ಅಂದರೆ ಅವರೂ ರೋಮಿನಿಂದ ಒಪ್ಪಿಗೆ ತರಬೇಕು. ಆದ್ದರಿಂದ ನಿಮ್ಮ ಫಾದರ್ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಇಲ್ಲ.

ಆದರೆ ಈಗಿನ ಪೂಜೆಯನ್ನೇ ಲ್ಯಾಟಿನ್‌ನಲ್ಲಿ ಮಾಡಬಹುದು. ಧರ್ಮಸಭೆಯ ಕಾನೂನಿನ 928ನೇ ವಿಧಿ ಓದಿ. ನಾನು ಮದುವೆಗೆ ಹಾಗೇ ಕೇಳಿದ್ದು. ಫಾದರ್ ಒಪ್ಪಿದರು. ಗಾಯನವೃಂದದವರು ಒಪ್ಪಲಿಲ್ಲ. ಕೀಬೋರ್ಡಿನವನು ಅಡ್ವಾನ್ಸ್ 4,000 ವಾಪಸ್ ಕೊಡಲ್ಲ ಅಂದ. ಮೈಸೂರಿನಿಂದ ನಾಲ್ಕು ಜನ ಹಾಡುವವರನ್ನು ಕರೆಸಿದೆ. ಗಾಡಿ, ಊಟ, ಕೈಗೆ ಕೊಟ್ಟಿದ್ದು ಸೇರಿ 16,000. ಅತ್ತೆ ಇವತ್ತಿಗೂ ಇದು ಸಾವಿನ ಪೂಜೆ ತರ ಇತ್ತು ಅಂತಾರೆ. ನನಗೆ ಮಾತ್ರ ಆ ಪೂಜೆ ನೆನೆದರೆ ಈಗಲೂ ಕಣ್ಣು ತುಂಬುತ್ತೆ. ಹೊಸ ಪೋಪ್ ಲಿಯೋ 2025 ಮೇ 8ಕ್ಕೆ ಬಂದರು. ಅವರು ಈ ನಿಯಮ ಸಡಿಲ ಮಾಡಲಿ ಅಂತ ದಿನಾ ಬೇಡುತ್ತೇನೆ.

ಮೂಡಿಗೆರೆ ಬಾಯಿ:

ನಾನು ಬೇಡೋದು ನನ್ನ ತಮ್ಮ ನವೆಂಬರ್ 2ಕ್ಕೆ ಅಮ್ಮನ ಸಮಾಧಿಗೆ ನನ್ನ ಜೊತೆ ಬರಲಿ ಅಂತ. ಸತ್ತವರ ಹಬ್ಬ ಹಳೇ ಪಂಚಾಂಗದಲ್ಲೂ ಅವತ್ತೇ ಅಲ್ವಾ?

ಸಕಲೇಶಪುರ ತೋಟದವನು:

ಹೌದು ಬಾಯಿ, ಅವತ್ತೇ. ಭಾನುವಾರ ಬಿದ್ದರೆ ಮಾತ್ರ ಹಳೇದರಲ್ಲಿ ಮೂರನೇ ತಾರೀಕು.

ಇನ್ನೊಂದು ಮಾತು. ಬೆಂಗಳೂರು ದೂರ ಅನ್ನುವವರು ಗೊರೂರು ಹತ್ತಿರದ ಶೆಟ್ಟಿಹಳ್ಳಿಗೆ ಹೋಗಿ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಜಪಮಾಲೆ ಮಾತೆಯ ಚರ್ಚು. ಬೇಸಿಗೆಯಲ್ಲಿ ಹೇಮಾವತಿ ಡ್ಯಾಮಿನ ಹಿನ್ನೀರು ಇಳಿದಾಗ ನಾನು ಅಲ್ಲಿ ಮೊಣಕಾಲೂರಿ ಲ್ಯಾಟಿನ್ ಪ್ರಾರ್ಥನೆ ಓದಿದ್ದೇನೆ. ಪಕ್ಕದಲ್ಲೇ ಮದುವೆಗೆ ಮುಂಚಿನ ಫೋಟೋ ತೆಗೆಸುವವರು, ಡ್ರೋನ್ ಸದ್ದು. ಬೈದು ಓಡಿಸಿದೆ. ಅಲ್ಲಿ ಒಂದು ಹಳೇ ಪೂಜೆ ಮಾಡಿಸಬೇಕು ಅಂತ ನನ್ನ ಆಸೆ. ಗುರುಗಳ ಖರ್ಚು, ಶಾಮಿಯಾನ ಎಲ್ಲ ನಾನೇ ಕೊಡ್ತೀನಿ. ಯಾರು ಬರ್ತೀರಿ?

ರಿಟೈರ್ಡ್ ಮೇಷ್ಟ್ರು:

ನಾನು ಗಂಟೆ ಬಾರಿಸಿದ್ದು ಆ ಚರ್ಚಿನಲ್ಲೇ ಸ್ವಾಮಿ. ಹೇಮಾವತಿ ಡ್ಯಾಮಿಗೆ ಊರು ಬಿಟ್ಟವರ ಪೈಕಿ ನಮ್ಮ ಮನೆಯೂ ಒಂದು. ಪರಿಹಾರಕ್ಕೆ ನನ್ನ ತಂದೆ ಕಚೇರಿ ಅಲೆದು ಸವೆಸಿದ ಚಪ್ಪಲಿ ನಾನು ನೋಡಿದ್ದೇನೆ. ನಿಮಗೆ ಅದು ಲ್ಯಾಟಿನ್ ಪೂಜೆ ಇದ್ದ ಜಾಗ, ಫೋಟೋದವರಿಗೆ ಚೆಂದದ ಗೋಡೆ. ಇಬ್ಬರಿಗೂ ನಮ್ಮ ನೆನಪಿಲ್ಲ.

ಸಕಲೇಶಪುರ ತೋಟದವನು:

ಮೇಷ್ಟ್ರೇ, ಹಾಗಾದರೆ ನೀವೇ ಪೀಠಸೇವೆಗೆ ನಿಲ್ಲಿ. ನಿಮಗಿಂತ ಯೋಗ್ಯರು ಯಾರಿದ್ದಾರೆ? ನಾನು ಮನಃಪೂರ್ವಕ ಕೇಳ್ತಿದ್ದೀನಿ.

ರಿಟೈರ್ಡ್ ಮೇಷ್ಟ್ರು:

ಅಲ್ಲಿ ಪೂಜೆ ಆಗೋದಾದರೆ ಕನ್ನಡದಲ್ಲಿ ಆಗಲಿ, ಊರು ಬಿಟ್ಟ ಮನೆಗಳವರನ್ನೆಲ್ಲ ಕರೆದು ಆಗಲಿ. ಆಗ ನಿಲ್ಲುತ್ತೇನೆ. ಲ್ಯಾಟಿನ್‌ಗೆ ನಿಲ್ಲಲ್ಲ. ಗೋಡೆಗಳು ಮಳೆಗೆ ಕುಸಿಯುತ್ತಿವೆ, ಕೆಳಗೆ ಶಾಮಿಯಾನ ಹಾಕುವ ಯೋಚನೆಯೂ ಬಿಡಿ.