ಶೀಟಿನ ಮೇಲೆ ಮಳೆ, ಒಳಗೆ 14 ಮಕ್ಕಳು: ನಲಿ-ಕಲಿ ಕೋಣೆಗೆ ಸಲಹೆ ಬೇಕು

ಕೇಳಿದವರು: ಅತಿಥಿ ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಇಲ್ಲಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಸೇರಿದ್ದೇನೆ. ಮಕ್ಕಳು ಕಾರ್ಡು, ಚಟುವಟಿಕೆಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಕೋಣೆ ನನ್ನದು. ಒಂದು, ಎರಡು, ಮೂರು, ಮೂರೂ ತರಗತಿ ಸೇರಿ 14 ಮಕ್ಕಳು. ನಾನು ದಾವಣಗೆರೆ ಕಡೆಯವಳು. ಇಂಥ ಮಳೆ ನೋಡಿಯೇ ಇರಲಿಲ್ಲ. ಕೋಣೆಗೆ ಶೀಟು ಹೊದಿಸಿದ್ದಾರೆ. ಮಳೆ ಜೋರಾದರೆ ನನ್ನ ದನಿ ನನಗೇ ಕೇಳುವುದಿಲ್ಲ. ಕರೆಂಟು ಬಂದರೆ ಬಂತು. ಹಳ್ಳ ತುಂಬಿದ ದಿನ ಸಂಕ (ಕಾಲುಸೇತುವೆ) ದಾಟಿ ಬರುವ ಐದು ಮಕ್ಕಳು ಬರುವುದೇ ಇಲ್ಲ. ಮಳೆ ರಜೆ ಬೇರೆ. ಹೊರಗೆ ಆಡಿಸುವ ಹಾಗಿಲ್ಲ, ಊಟ ಆದ ಮೇಲೆ ಒಳಗೇ ಸಂತೆ. ಮೂರನೇ ತರಗತಿಯ ಇಬ್ಬರಿಗೆ ಇನ್ನೂ ಸರಿಯಾಗಿ ಓದಲು ಬರುವುದಿಲ್ಲ. ಒಂದನೇ ತರಗತಿಯ ಒಬ್ಬಳು ದಿನಾ ಅಳುತ್ತಾಳೆ. ನನಗೆ ನಲಿ-ಕಲಿ ತರಬೇತಿ ಇನ್ನೂ ಆಗಿಲ್ಲ. ಮಳೆಗಾಲದಲ್ಲಿ ನೀವೆಲ್ಲ ದಿನ ಹೇಗೆ ನಡೆಸುತ್ತೀರಿ? ಮಾಡಿ ನೋಡಿದ್ದನ್ನೇ ಹೇಳಿ, ದಯವಿಟ್ಟು.

ತೀರ್ಥಹಳ್ಳಿ ಕಡೆಯ ಟೀಚರ್:

ಮೇಡಂ, ಮೊದಲು ಕೂಗುವುದನ್ನು ಬಿಡಿ. ನಾನು ಮೊದಲ ವರ್ಷ ಮಳೆ ಜೊತೆ ಪೈಪೋಟಿಗೆ ಬಿದ್ದು ಆಗಸ್ಟ್ ಹೊತ್ತಿಗೆ ಗಂಟಲು ಕಳೆದುಕೊಂಡೆ. ಶೀಟಿನ ಕೆಳಗೆ ನಿಂತು ಇಡೀ ಕೋಣೆಗೆ ಪಾಠ ಹೇಳಲು ಆಗುವುದಿಲ್ಲ. ಪುಣ್ಯಕ್ಕೆ ನಲಿ-ಕಲಿಯಲ್ಲಿ ಹೇಳಬೇಕಾಗಿಯೂ ಇಲ್ಲ.

ತರಬೇತಿ ಆಗಿಲ್ಲ ಅಂದಿರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐದು ತಟ್ಟೆ, ಅಂದರೆ ಮಕ್ಕಳು ಕೂರುವ ಐದು ಗುಂಪು ಇರುತ್ತವೆ ಅಲ್ವಾ? ಒಂದರಲ್ಲಿ ಪೂರ್ತಿ ಟೀಚರ್ ಸಹಾಯ, ಇನ್ನೊಂದರಲ್ಲಿ ಟೀಚರ್ ಅರ್ಧಂಬರ್ಧ. ಮುಂದಿನ ಎರಡರಲ್ಲಿ ಜೊತೆಯ ಮಕ್ಕಳ ಸಹಾಯ, ಪೂರ್ತಿ ಮತ್ತು ಸ್ವಲ್ಪ. ಕೊನೆಯದು ತಾನೇ ಕಲಿಯುವ ತಟ್ಟೆ. ಮಳೆ ಜೋರಿದ್ದ ದಿನ ನಾನು ಮೊದಲ ತಟ್ಟೆಯಲ್ಲೇ ಚಾಪೆ ಹಾಕಿ ಕೂತುಬಿಡುತ್ತೇನೆ. ನಾಲ್ಕು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಎಂಥ ಮಳೆಯಲ್ಲೂ ಮಾತು ಕೇಳುತ್ತದೆ. ಉಳಿದವರಿಗೆ ಸನ್ನೆ. ಕೈ ಎತ್ತಿದರೆ ‘ಕಾರ್ಡು ಮುಗಿಯಿತು’, ಎರಡು ಬೆರಳು ತೋರಿಸಿದರೆ ‘ಸಹಾಯ ಬೇಕು’. ಸನ್ನೆ ಕಲಿಸಲು ನನಗೆ ಒಂದು ವಾರ ಹಿಡಿಯಿತು. ಆಮೇಲೆ ಬಿಸಿಲುಗಾಲದಲ್ಲೂ ಅದೇ ನಡೆಯಿತು.

ಗೈರುಹಾಜರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಗು ಕಲಿಕಾ ಏಣಿಯಲ್ಲಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿಯಲ್ಲಿ) ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ವಾಪಸು ಬಂದಾಗ ಅಲ್ಲಿಂದಲೇ ಹತ್ತುತ್ತದೆ. ಸಂಕದ ಆಚೆಯ ಮಕ್ಕಳಿಗೆ ‘ನಿಮ್ಮ ಪಾಠ ಹೋಯಿತು’ ಅನ್ನುವ ಮಾತೇ ಬರಬಾರದು. ಪ್ರತಿ ಮಗು ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪ್ರಗತಿ ನೋಟವನ್ನು ಮಾತ್ರ ಅಂದಂದೇ ತುಂಬಿ. ಇಲ್ಲದಿದ್ದರೆ ಯಾರು ಎಲ್ಲಿದ್ದಾರೆ ಎಂದು ನಿಮಗೇ ಮರೆತುಹೋಗುತ್ತದೆ. ಇದು ನನ್ನ ಅನುಭವ, ಬೈಸಿಕೊಂಡ ಅನುಭವವೂ ಹೌದು.

ಅಳುವ ಹುಡುಗಿ: ಅಕ್ಕನೋ ಅಣ್ಣನೋ ಅದೇ ಕೋಣೆಯಲ್ಲಿದ್ದರೆ ಪಕ್ಕ ಕೂರಿಸಿ. ಇಲ್ಲದಿದ್ದರೆ ಒಂದು ಕೆಲಸ ಕೊಡಿ. ನಮ್ಮಲ್ಲಿ ಒಬ್ಬಳಿಗೆ ಒದ್ದೆ ಕೊಡೆಗಳನ್ನು ಎಣಿಸಿ ಸಾಲಾಗಿ ಇಡುವ ಕೆಲಸ ಕೊಟ್ಟಿದ್ದೆ. ಮೂರನೇ ದಿನ ಅವಳು ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎಂದು ಹೇಳುವುದಿಲ್ಲ.

ಬಿಸಿಯೂಟದ ಅಡುಗೆ ಮಾಡುವವರು, ಸೊರಬ:

ನಾನು ಟೀಚರ್ ಅಲ್ಲ, ಆದರೂ ಹೇಳುತ್ತೇನೆ. ಸೀಮೆಸುಣ್ಣ, ಕಾರ್ಡು ಎಲ್ಲ ಅಡುಗೆಕೋಣೆಯ ಮೇಲಿನ ಹಲಗೆಗೆ ಕಳಿಸಿ ಮೇಡಂ. ಬೀರುವಿನಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ಥಂಡಿ ಹಿಡಿದ ಸೀಮೆಸುಣ್ಣ ಬರೆಯುವುದೂ ಇಲ್ಲ, ಬೋರ್ಡಿನಿಂದ ಹೋಗುವುದೂ ಇಲ್ಲ. ಇನ್ನೊಂದು, ಮಕ್ಕಳಿಗೆ ಒಂದೊಂದು ಜೊತೆ ಒಣ ಬಟ್ಟೆ ಶಾಲೆಯಲ್ಲೇ ಇರಲಿ. ನೆನೆದು ನಡುಗುವ ಮಗುವಿಗೆ ಬಿಸಿ ಹಾಲು ಕೊಟ್ಟರೂ ಪಾಠ ತಲೆಗೆ ಹೋಗುವುದಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ:

ತಂಗಿ, ಮಳೆಯನ್ನು ಬಾಗಿಲ ಹೊರಗೆ ನಿಲ್ಲಿಸಲು ನೋಡುತ್ತಿದ್ದೀರಿ. ಒಳಗೆ ಕರೆಯಿರಿ. ಗೋಡೆಯ ಮೇಲೆ ಹವಾಮಾನ ನಕ್ಷೆ ಇರುತ್ತದಲ್ಲ, ಅದರಲ್ಲಿ ನಮ್ಮ ಮಕ್ಕಳು ಜೂನ್‌ನಿಂದ ಆಗಸ್ಟ್ ತನಕ ‘ಮಳೆ, ಮಳೆ, ಮಳೆ’ ಎಂದೇ ತುಂಬುತ್ತಿದ್ದರು. ಒಬ್ಬ ಹುಡುಗ ‘ನಿನ್ನೇದೇ ಇರಲಿ ಸಾರ್’ ಅಂದ. ಸರಿ, ಎಂಥ ಮಳೆ ಹೇಳು ಅಂದೆ. ಜಿಟಿಜಿಟಿ, ಸೋನೆ, ಹನಿ, ಜಡಿ, ಧೋ ಅನ್ನುವುದು, ಗಾಳಿಮಳೆ. ಕರಿಹಲಗೆ ತುಂಬಿತು. ಒಂದೊಂದಕ್ಕೂ ಒಂದು ಗುರುತು ಮಾಡಿದರು. ಆ ವರ್ಷ ನಕ್ಷೆ ಯಾರಿಗೂ ಬೇಜಾರಾಗಲಿಲ್ಲ.

ಆಮೇಲೆ ಮಳೆ ಅಳೆಯುವ ಬಾಟಲಿ. ಎರಡು ಲೀಟರಿನ ನೀರಿನ ಬಾಟಲಿ ಸಾಕು, ಮೈ ನೆಟ್ಟಗೆ ಇರಬೇಕು ಅಷ್ಟೆ. ಮೇಲಿನ ಕುತ್ತಿಗೆ ಭಾಗ ಕತ್ತರಿಸಿ ತಲೆಕೆಳಗು ಮಾಡಿ ಅದೇ ಬಾಟಲಿಯ ಬಾಯಿಗೆ ಕೂರಿಸಿ. ಆಲಿಕೆ ಆಯಿತು. ಕತ್ತರಿಸುವುದು ನೀವೇ, ಅಂಚಿಗೆ ಟೇಪು ಸುತ್ತಿ. ತಳ ಉಬ್ಬುತಗ್ಗು ಇರುತ್ತದೆ, ಅಲ್ಲಿ ಸಣ್ಣ ಕಲ್ಲು ಹಾಕಿ. ತಳದ ಏರುಪೇರು ಮುಗಿಯುವ ತನಕ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಕಾಗದದ ಅಳತೆಪಟ್ಟಿ ಅಂಟಿಸಿ. ಮರದ ಕೆಳಗೂ ಬೇಡ, ಸೂರಿನ ಕೆಳಗೂ ಬೇಡ, ಬಯಲಲ್ಲಿ ಇಡಿ. ದಿನಾ ಒಂದೇ ಹೊತ್ತಿಗೆ ನೋಡಿ ಬರೆದು, ಮತ್ತೆ ನೀರನ್ನು ಸೊನ್ನೆ ಗೆರೆಗೆ ತರಬೇಕು. ಎರಡನೇ ತರಗತಿಯವರು ಓದಲಿ, ಮೂರನೆಯವರು ಕೂಡಲಿ, ಒಂದನೆಯವರು ಪಟ್ಟಿಗೆ ಬಣ್ಣ ಹಚ್ಚಲಿ. ಒಂದೇ ಬಾಟಲಿಗೆ ಮೂರು ತರಗತಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಎಂದು ಹೇಳಿದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಏಳು ಮೀಟರ್ ಹಗ್ಗ ಅಳೆದು ಜಗಲಿಯ ಉದ್ದಕ್ಕೆ ಹಾಸಿಸಿದೆ. ‘ಇಷ್ಟು ನೀರು ಹರಿಯದೆ ನಿಂತಿದ್ದರೆ ನಾವು ಎಲ್ಲಿರುತ್ತಿದ್ದೆವು?’ ಎಲ್ಲರೂ ಮಾಡಿನ ಕಡೆ ನೋಡಿದರು. ಅದೇ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ ಎಂದರೆ ನಂಬಲೇ ಇಲ್ಲ.

ಒಂದು ದಿನ ಒಬ್ಬನ ಕಾಲಿಗೆ ಇಂಬಳ ಹತ್ತಿತ್ತು. ಕೆಲವರು ಉಂಬಳ ಅನ್ನುತ್ತಾರೆ, ಪುಸ್ತಕದಲ್ಲಿ ಜಿಗಣೆ. ಉಪ್ಪು ಹಾಕುವ ಮೊದಲು ಅದನ್ನು ಒಂದು ಅಡಿಕೆ ಹಾಳೆಯ ಮೇಲೆ ಬಿಟ್ಟೆವು. ಅದು ಮುಂದಿನ ತುದಿ ಊರಿ, ಹಿಂದಿನ ತುದಿ ಎಳೆದುಕೊಂಡು, ಮತ್ತೆ ಮುಂದೆ ಚಾಚಿತು. ‘ಸಾರ್, ಗೇಣು ಹಾಕ್ತಾ ಇದೆ!’ ಅವತ್ತಿನ ಅಳತೆ ಪಾಠ ಅಲ್ಲಿಂದಲೇ ಶುರು. ಗೇಣು, ಮೊಳ, ಹೆಜ್ಜೆ. ನನ್ನ ಗೇಣಿಗೂ ಅವರ ಗೇಣಿಗೂ ಹೊಂದಲಿಲ್ಲ, ಜಗಳವಾಯಿತು. ಆಗ ಸ್ಕೇಲು ಕೊಟ್ಟೆ. ಮೊದಲೇ ಕೊಟ್ಟಿದ್ದರೆ ಅದು ಬೆನ್ನು ಕೆರೆದುಕೊಳ್ಳುವ ಕೋಲಾಗುತ್ತಿತ್ತು.

ಶಿಕಾರಿಪುರ ಕಡೆಯ ಮೇಷ್ಟ್ರು:

ಹಿರಿಯರ ಮಾತು ಚೆನ್ನಾಗಿದೆ. ಆದರೆ ಮೇಡಂ, ಮಳೆ ಬಾಟಲಿಯಲ್ಲೇ ದಿನ ಕಳೆದುಹೋಗಬಾರದು. ಮೂರನೇ ತರಗತಿಯ ಆ ಇಬ್ಬರಿಗೆ ದಿನಾ ಅರ್ಧ ಗಂಟೆ ಓದು ಬೇಕೇ ಬೇಕು. ನಾಲ್ಕಕ್ಕೆ ಹೋದರೆ ನಲಿ-ಕಲಿ ಮುಗಿಯಿತು. ಆಮೇಲೆ ಪಾಠ ಯಾರಿಗೂ ಕಾಯುವುದಿಲ್ಲ.

ನಾನು ಮಾಡುವುದು ಇದು. ಹುಡುಗನ ಬಾಯಿಂದಲೇ ಒಂದು ವಾಕ್ಯ ಹೇಳಿಸುತ್ತೇನೆ. ಅವನು ಹೇಳಿದ್ದನ್ನು ಅವನ ಎದುರೇ ದೊಡ್ಡದಾಗಿ ಬರೆಯುತ್ತೇನೆ. ಅವನೇ ಓದಬೇಕು. ತನ್ನದೇ ಮಾತು, ಅರ್ಥ ಗೊತ್ತಿದೆ, ಹಾಗಾಗಿ ಹೆದರುವುದಿಲ್ಲ. ಒಬ್ಬ ಹೇಳಿದ: ‘ಅಪ್ಪ ತೋಟಕ್ಕೆ ಮದ್ದು ಹೊಡೆಯಲು ಹೋದ.’ ನೋಡಿ, ಒಂದೇ ವಾಕ್ಯದಲ್ಲಿ ಮೂರು ಒತ್ತು: ಪ್ಪ, ಕ್ಕ, ದ್ದ. ಮೂರೂ ಸುಲಭದವು. ಒತ್ತು ನೋಡಿದರೆ ಮೂಲ ಅಕ್ಷರ ಗುರುತು ಸಿಗುತ್ತದೆ. ಮಕ್ಕಳು ಮುಗ್ಗರಿಸುವುದು ಮ್ಮ, ನ್ನ, ತ್ತ, ಯ್ಯ, ಲ್ಲಗಳಲ್ಲಿ. ಅಲ್ಲಿ ಒತ್ತಿನ ಆಕಾರವೇ ಬೇರೆ. ಅದಕ್ಕೇ ಎಲ್ಲ ಒತ್ತನ್ನೂ ಒಂದೇ ಸಲ ತೋರಿಸಬೇಡಿ. ಮೊದಲು ಅಪ್ಪ, ಅಕ್ಕ, ಅಜ್ಜ, ಬೆಕ್ಕು, ಗದ್ದೆ. ಒಂದು ವಾರ ಬಿಟ್ಟು ಅಮ್ಮ, ಅನ್ನ, ಹಲ್ಲು, ತುತ್ತು. ‘ಪುಸ್ತಕ’, ‘ರಸ್ತೆ’ ಎಲ್ಲ ಆಮೇಲೆ.

ಆ ಹುಡುಗನದ್ದೇ ಇನ್ನೊಂದು ಮಾತು. ಲೆಕ್ಕ ಬರುವುದಿಲ್ಲ ಎಂದು ಅವನನ್ನು ಎಲ್ಲರೂ ಬಿಟ್ಟಿದ್ದರು. ‘ಮದ್ದಿಗೆ ಎಷ್ಟೆಷ್ಟು ಹಾಕ್ತಾರೋ?’ ಎಂದು ಕೇಳಿದೆ. ‘ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸಾರ್. ಎರಡೂ ಬೇರೆ ಬೇರೆ ಕರಗಿಸಬೇಕು.’ ‘ಇನ್ನೂರು ಲೀಟರಿಗೆ?’ ‘ಎರಡೆರಡು.’ ‘ಐವತ್ತಕ್ಕೆ?’ ‘ಅರ್ಧರ್ಧ.’ ನಾನು ಸುಮ್ನೆ ಕೂತೆ.

ಮನೆ ಮಾತಿನ ವಿಷಯವೂ ಗಮನದಲ್ಲಿರಲಿ. ನಮ್ಮಲ್ಲಿ ಲಂಬಾಣಿ ತಾಂಡಾದ ಮಕ್ಕಳು ಜಾಸ್ತಿ. ಅಮ್ಮನಿಗೆ ‘ಯಾಡಿ’, ನೀರಿಗೆ ‘ಪಾಣಿ’ ಎನ್ನುತ್ತಾರೆ. ಚಿತ್ರದ ಪಕ್ಕ ಆ ಪದವನ್ನೂ ಕನ್ನಡ ಅಕ್ಷರದಲ್ಲಿ ಬರೆದು ಹಾಕಿದೆ. ತಪ್ಪೇನಿಲ್ಲ. ನಿಮ್ಮ ಹೊಸನಗರದಲ್ಲಿ ಹವ್ಯಕರ ಮನೆಯ ಮಗು ‘ಕೂಸು’ ಎಂದರೆ ಹುಡುಗಿ ಎಂದು ಅರ್ಥ ಮಾಡಿಕೊಳ್ಳುತ್ತದೆ, ಎಳೆಮಗು ಅಲ್ಲ. ತಪ್ಪು ಎಂದು ಗೀಟು ಹಾಕಬೇಡಿ.

ಒಬ್ಬ ಮಗುವಿನ ತಾಯಿ, ಭದ್ರಾವತಿ:

ನನ್ನದು ದೂರು ಅಲ್ಲ. ಮಗಳು ಒಂದನೇ ತರಗತಿಗೆ ಹೋದಾಗ ಎರಡು ತಿಂಗಳಾದರೂ ಅ ಆ ಇ ಈ ಬರೆಯಲಿಲ್ಲ. ಬರೀ ರ ಗ ಸ ದ ಅ. ಶಾಲೆಗೆ ಹೋಗಿ ಗಲಾಟೆ ಮಾಡಿದೆ. ಟೀಚರ್ ಸಿಟ್ಟು ಮಾಡಲಿಲ್ಲ. ಮಗಳ ಕೈಗೆ ಐದು ಅಕ್ಷರದ ಚೀಟಿ ಕೊಟ್ಟು ‘ಅಮ್ಮನಿಗೆ ತೋರಿಸು’ ಅಂದರು. ಅವಳು ಜೋಡಿಸಿದಳು: ಸರ, ರಸ, ಅರಸ, ಅಗಸ, ಗರಗಸ. ಐದೇ ಅಕ್ಷರದಲ್ಲಿ ಓದುತ್ತಿದ್ದಳು. ನಾನು ಅವಳ ವಯಸ್ಸಿನಲ್ಲಿ ಇಡೀ ವರ್ಣಮಾಲೆ ಬಾಯಿಪಾಠ ಒಪ್ಪಿಸುತ್ತಿದ್ದೆ, ಒಂದು ಪದ ಓದಲು ಬರುತ್ತಿರಲಿಲ್ಲ. ನೀವು ಹೊಸಬರು ಮೇಡಂ, ಪೋಷಕರು ಬಂದೇ ಬರುತ್ತಾರೆ. ಆ ಐದು ಅಕ್ಷರದ ಚೀಟಿ ಸಿದ್ಧ ಇಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರು, ಸಾಗರ:

ಈ ತಾಯಿ ಹೇಳಿದ್ದು ಸರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009-10ಕ್ಕೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆಗ ಅತಿ ಹೆಚ್ಚು ಗೊಣಗಿದ್ದು ಪೋಷಕರಲ್ಲ, ನಾನು.

ತೀರ್ಥಹಳ್ಳಿ ಕಡೆಯ ಟೀಚರ್:

ಊಟದ ನಂತರದ ಸಂತೆಗೆ ಒಂದು ಮಾತು ಮರೆತಿದ್ದೆ. ಚನ್ನೆಮಣೆ. ಊರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಒಂದು ಇದ್ದೇ ಇರುತ್ತದೆ, ಕೇಳಿ ತನ್ನಿ. ಸಿಗದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳು ಮನೆ ಬರೆದರೂ ಸಾಕು. ಕಾಳು ಹಂಚುತ್ತಾ ಹೋದರೆ ಎಣಿಕೆ ತಾನಾಗಿ ಬರುತ್ತದೆ. ನಾಲ್ಕು ಕಾಳು ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಊಹಿಸುವ ಮಗು ಕೂಡುವುದನ್ನು ಆಗಲೇ ಕಲಿತಿದೆ. ಬೀಜಕ್ಕೆ ಅಂಟುವಾಳದ ಕಾಯಿಯೊಳಗಿನ ಕಪ್ಪು ಬೀಜ ಒಳ್ಳೆಯದು, ಗಟ್ಟಿ, ಬೂಸಲು ಹಿಡಿಯುವುದು ಕಡಿಮೆ. ಗುಲಗಂಜಿ ಮಾತ್ರ ಬೇಡವೇ ಬೇಡ. ನೋಡಲು ಚೆಂದ, ಒಳಗೆ ಕಡು ವಿಷ. ಮಗು ಬಾಯಿಗೆ ಹಾಕಿ ಅಗಿದರೆ ಆಸ್ಪತ್ರೆಗೆ ಓಡಬೇಕು. ಆಟ ಮುಗಿದ ಮೇಲೆ ಬೀಜ ಎಣಿಸಿಯೇ ಡಬ್ಬಿಗೆ ಹಾಕಿಸಿ. ಮೂಗಿಗೆ ತುರುಕಿಕೊಳ್ಳುವವರು ಪ್ರತಿ ವರ್ಷ ಒಬ್ಬರು ಇರುತ್ತಾರೆ.

ಎರಡನೇ ತರಗತಿಯವರು ಇಪ್ಪತ್ತೈದನ್ನು 205 ಎಂದು ಬರೆಯುತ್ತಾರಾ? ಬರೆಯುತ್ತಾರೆ. ಕಿವಿಗೆ ‘ಇಪ್ಪತ್ತು, ಐದು’ ಎಂದೇ ಬೀಳುತ್ತದೆ, ಅವರದ್ದೇನು ತಪ್ಪು? 20 ಎಂದು ಬರೆದ ಉದ್ದ ಚೀಟಿ, 5 ಎಂದು ಬರೆದ ಗಿಡ್ಡ ಚೀಟಿ ಮಾಡಿ. ಗಿಡ್ಡದನ್ನು ಸೊನ್ನೆಯ ಮೇಲೆ ಮುಚ್ಚಿ ಇಡಿಸಿ. 25 ಕಾಣುತ್ತದೆ. ಎತ್ತಿದರೆ ಸೊನ್ನೆ ಕೆಳಗೇ ಇರುತ್ತದೆ. ಇದಕ್ಕೆ ಮಾತು ಬೇಡ, ಮಳೆಯಲ್ಲೂ ನಡೆಯುತ್ತದೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಸೋಮವಾರದಿಂದ ಚಾಪೆಯ ಮೇಲೆ ಕೂತೇ ಪಾಠ ಮಾಡುತ್ತಿದ್ದೇನೆ. ಸನ್ನೆಯಲ್ಲಿ ‘ಸಹಾಯ ಬೇಕು’ ಮಾತ್ರ ಎಲ್ಲರಿಗೂ ಬಂದಿದೆ, ದಿನವಿಡೀ ಎರಡು ಬೆರಳು ಎತ್ತುತ್ತಾರೆ. ಸೀಮೆಸುಣ್ಣ ಅಡುಗೆಕೋಣೆಗೆ ಹೋಯಿತು. ಅಳುವ ಹುಡುಗಿ ಕೊಡೆ ಎಣಿಸಲು ಒಪ್ಪಲಿಲ್ಲ. ಅವಳಿಗೆ ಮಳೆ ಬಾಟಲಿ ನೋಡಬೇಕಂತೆ. ನಿನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಬಾಟಲಿ ತುಂಬಿ ಚೆಲ್ಲಿಬಿಟ್ಟಿದೆ. ‘ಮೇಡಂ, ಚೆಲ್ಲಿದ್ದನ್ನ ಹೇಗೆ ಬರೆಯೋದು?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ:

‘150 ಮಿಲಿಮೀಟರಿಗಿಂತ ಜಾಸ್ತಿ’ ಎಂದು ಬರೆಯಿಸಿ, ಅಥವಾ ಪಟ್ಟಿಯ ಕೊನೆಯ ಅಂಕಿ ಎಷ್ಟಿದೆಯೋ ಅದು. ನಾಳೆಯಿಂದ ಶಾಲೆ ಬಿಡುವಾಗ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ ಎರಡನ್ನೂ ಕೂಡಿ. ಸಂಜೆಯದ್ದನ್ನು ಅವಳೇ ನೋಡಲಿ.