ಸಹಾಯ ಬೇಕು: 13ನೆಯ ಶತಮಾನದ ಮೋಟೆಟ್ (ಹಲವು ಧ್ವನಿಗಳ ಹಾಡು) ಬಲ್ಲವರು ಇದ್ದೀರಾ?

ನಮಸ್ಕಾರ. ನಮ್ಮ ಸಂಗೀತ ಬಳಗದಲ್ಲಿ ಮಧ್ಯಯುಗದ ಯುರೋಪಿನ ಸಂಗೀತದ ಬಗ್ಗೆ ಒಂದು ಗಂಟೆ ಮಾತನಾಡಬೇಕಿದೆ. ಗ್ರೆಗೋರಿಯನ್ ಗಾಯನ (ಚರ್ಚಿನ ಏಕಧ್ವನಿ ಪ್ರಾರ್ಥನಾಗಾಯನ), 11ನೆಯ ಶತಮಾನದಲ್ಲಿ ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ರೂಪಿಸಿದ ಅರೆಟ್ಸೊದ ಗ್ವೀಡೊ, ದಕ್ಷಿಣ ಫ್ರಾನ್ಸಿನ ಟ್ರುಬಡೂರ್ ಕವಿಗಳು, ಇಷ್ಟರ ಸಿದ್ಧತೆ ಮುಗಿದಿದೆ.

ತೊಡಕಿರುವುದು ಪ್ಯಾರಿಸ್ಸಿನಲ್ಲಿ. ಅಲ್ಲಿನ ಚರ್ಚ್ ಸಂಗೀತ ರಚನಕಾರರಾದ ಲಿಯೊನ್ಯಾಂ, ಪೆರೊತ್ಯಾಂ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗಾಯನದಲ್ಲಿ ಪ್ರಾರ್ಥನಾಗೀತೆಯ ತುಣುಕೊಂದು ಕೆಳಗೆ ನಿಧಾನವಾಗಿ ಸಾಗುತ್ತದೆ. ಅದರ ಮೇಲೆ ಬೇರೆ ಧ್ವನಿಗಳು ವೇಗವಾಗಿ ಹರಿಯುತ್ತವೆ. ಆ ಮೇಲಿನ ಧ್ವನಿಗಳಿಗೆ ಹೊಸ ಸಾಹಿತ್ಯ ಕೂಡಿಸಿದಾಗ ಮೋಟೆಟ್ ಹುಟ್ಟಿತು. ಮುಂದೆ ಅಲ್ಲಿಗೆ ಫ್ರೆಂಚ್ ಪ್ರೇಮಗೀತೆಯೂ ಬಂತು! ತಳದಲ್ಲಿ ದೇವರ ಹಾಡು, ಮೇಲೆ ವಿರಹ, ಎರಡೂ ಏಕಕಾಲಕ್ಕೆ. ಪವಿತ್ರ ಮತ್ತು ಲೌಕಿಕ ಎಂದು ನಾವು ಎಳೆಯುವ ಗೆರೆ ಇಲ್ಲಿ ನಿಲ್ಲುವುದೇ ಇಲ್ಲ. ನನ್ನ ಮಾತಿನ ಜೀವ ಇದೇ ಆಗಬೇಕೆಂಬ ಆಸೆ.

ಮೋಟೆಟ್‌ಗಳ ಹಳೆಯ ದೊಡ್ಡ ಸಂಗ್ರಹವಾದ ಮೋಂಪೆಲ್ಯೆ ಹಸ್ತಪ್ರತಿಯಲ್ಲಿ ಇಂಥ 300ಕ್ಕೂ ಹೆಚ್ಚು ರಚನೆಗಳಿವೆ. ಅವುಗಳಲ್ಲಿ ಹೊಸ ಕೇಳುಗರಿಗೂ ಮೂರು ಧ್ವನಿಗಳು ಬಿಡಿಬಿಡಿಯಾಗಿ ಕೇಳಿಸುವ ಒಂದನ್ನು ಯಾರಾದರೂ ಸೂಚಿಸುವಿರಾ? ಧ್ವನಿಮುದ್ರಣ ಸ್ಪಷ್ಟವಾಗಿದ್ದು, ವಾದ್ಯಗಳು ಕಡಿಮೆ ಇದ್ದರೆ ಒಳ್ಳೆಯದು. ಹಳೆಯ ಫ್ರೆಂಚ್ ಓದಬಲ್ಲವರು ನಾಲ್ಕು ಸಾಲಿನ ಅರ್ಥ ಬಿಡಿಸಿಕೊಟ್ಟರೆ ತುಂಬಾ ಉಪಕಾರ. ಇವನ್ನು ಹಾಡುತ್ತಿದ್ದುದು ಎಲ್ಲಿ, ಕೇಳುತ್ತಿದ್ದವರು ಯಾರು ಎಂಬುದನ್ನು ಓದಿ ತಿಳಿದವರು ಇದ್ದರೆ ದಯವಿಟ್ಟು ವಿವರವಾಗಿಯೇ ಬರೆಯಿರಿ. 14ನೆಯ ಶತಮಾನದ ಫ್ರೆಂಚ್ ರಚನಕಾರ ಮಾಷೋನ ನಾಲ್ಕು ಧ್ವನಿಗಳ ಮಾಸ್ (ಚರ್ಚಿನ ಪೂಜಾಸಂಗೀತ) ಬಗ್ಗೆ ಸಾಮಗ್ರಿ ಸಿಕ್ಕಿದೆ, ಅದು ಬೇಡ. ಕಾರ್ಯಕ್ರಮ ಮುಂದಿನ ತಿಂಗಳು.