ಹೊರಗಡೆ ಫೋಟೋ ತೆಗೆಯುವವರಿಗೆ ಎಂಥ ವೈಫೈ ರೂಟರ್ ಅನುಕೂಲ?

ಇಳಿಬಿಸಿಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಉಡುಪು, ಆಭರಣಗಳ ಜಾಹೀರಾತಿಗೆ ಫೋಟೋ ತೆಗೆಯುವವನು. ಕೆಲಸದ ಬಹುಪಾಲು ಸ್ಟುಡಿಯೋದ ಹೊರಗೆ, ಕರೆಂಟ್ ಪಾಯಿಂಟ್ ಕೂಡ ಸಿಗದ ಜಾಗಗಳಲ್ಲಿ ನಡೆಯುತ್ತದೆ. ತೆಗೆದ ಚಿತ್ರ ಆಗಿಂದಾಗಲೇ ಗ್ರಾಹಕರ ಟ್ಯಾಬ್ಲೆಟ್‌ನಲ್ಲಿ ಕಾಣಬೇಕು, ನನ್ನ ಲ್ಯಾಪ್‌ಟಾಪ್‌ಗೂ ಬಂದು ಸೇರಬೇಕು. ಇದುವರೆಗೆ ಫೋನಿನ ಹಾಟ್‌ಸ್ಪಾಟ್‌ನಲ್ಲೇ ನಿಭಾಯಿಸುತ್ತಿದ್ದೆ. ಕಳೆದ ಕೆಲಸದಲ್ಲಿ ನಡುವೆ ಒಂದು ಕರೆ ಬಂದು ಸಂಪರ್ಕ ಕಡಿಯಿತು. ಮತ್ತೆ ಎಲ್ಲವನ್ನೂ ಜೋಡಿಸಿಕೊಳ್ಳುವಷ್ಟರಲ್ಲಿ ಬೇಕಾಗಿದ್ದ ಬೆಳಕೇ ಹೋಗಿತ್ತು.

ಈಗ ಬೇರೆಯೇ ಒಂದು ರೂಟರ್ ಕೊಳ್ಳಬೇಕೆಂದಿದ್ದೇನೆ. ಸಿಮ್ ಹಾಕುವ, ಒಳಗೇ ಬ್ಯಾಟರಿ ಇರುವ ಪಾಕೆಟ್ ರೂಟರ್ ಒಳ್ಳೆಯದೋ, ಪವರ್ ಬ್ಯಾಂಕ್‌ನಿಂದ ನಡೆಯುವ ಟ್ರಾವೆಲ್ ರೂಟರ್ ಒಳ್ಳೆಯದೋ ತಿಳಿಯುತ್ತಿಲ್ಲ. ಡಬ್ಬದ ಮೇಲೆ 1200, 1800, 3000 ಎಂದೆಲ್ಲ ವೇಗ ಬರೆದಿರುತ್ತಾರೆ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಅದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ಏನನ್ನು ನೋಡಿ ಆರಿಸಬೇಕು?

ತಂತಿಯಿಲ್ಲದವ:

ಡಬ್ಬದ ಮೇಲಿನ ಅಂಕಿಯನ್ನು ಮೊದಲು ಬದಿಗಿಡಿ. ಅದು ರೂಟರಿನ ಎಲ್ಲ ಬ್ಯಾಂಡ್‌ಗಳ (2.4, 5 ಗಿಗಾಹರ್ಟ್ಸ್‌ನಂಥ ಅಲೆಗಳ ಪಟ್ಟಿಗಳ) ಗರಿಷ್ಠ ವೇಗವನ್ನು ಕೂಡಿಸಿ ಬರೆದದ್ದು. ನಿಮ್ಮ ಕ್ಯಾಮೆರಾ ಬಳಸುವುದು ಒಂದೇ ಬ್ಯಾಂಡ್, ಬಹುಶಃ ಒಂದೇ ಆಂಟೆನಾ. 802.11ಎನ್ ಎಂಬ ವೈಫೈ ಮಾನದಂಡದಲ್ಲಿ, 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ಒಂದು ಆಂಟೆನಾಕ್ಕೆ ದಕ್ಕುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 72 ಮೆಗಾಬಿಟ್. ವಾಸ್ತವದಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. 30 ಮೆಗಾಬೈಟ್‌ನ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಎಂದರೆ 240 ಮೆಗಾಬಿಟ್, ಅಂದರೆ ಏಳು ಸೆಕೆಂಡಿನ ಕೆಲಸ. ಎರಡು ಮೆಗಾಬೈಟ್‌ನ ಚಿಕ್ಕ ಜೆಪೆಗ್ (ಕುಗ್ಗಿಸಿದ ಚಿತ್ರ) ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಆದ್ದರಿಂದ ರಾ ಕಾರ್ಡಿನಲ್ಲೇ ಉಳಿಯಲಿ, ಜೆಪೆಗ್ ಮಾತ್ರ ಗಾಳಿಯಲ್ಲಿ ಹೋಗಲಿ. ಎಷ್ಟೇ ದುಬಾರಿ ರೂಟರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಎರಡನೆಯದಾಗಿ, ಪಕ್ಕದಲ್ಲೇ ಕುಳಿತ ಗ್ರಾಹಕರಿಗೆ ಚಿತ್ರ ತೋರಿಸಲು ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಕ್ಯಾಮೆರಾ, ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮೂರೂ ಒಂದೇ ರೂಟರಿಗೆ ಸೇರಿದ್ದರೆ ಸಾಕು. ಹಾಗಾಗಿ ನನ್ನ ಮತ ಟ್ರಾವೆಲ್ ರೂಟರಿಗೆ. ಹೊರಗೆ ಕಳುಹಿಸಬೇಕಾದಾಗ ಫೋನನ್ನು ರೂಟರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಅದರ ಡೇಟಾ ಬಳಸಬಹುದು. ಈ ಸೌಲಭ್ಯ ಇರುವ ಮಾದರಿಯನ್ನೇ ನೋಡಿ ಕೊಳ್ಳಿ. ಆಗ ಫೋನಿಗೆ ಕರೆ ಬಂದರೂ ನಿಮ್ಮ ಒಳಗಿನ ಜಾಲ ಅಲುಗಾಡುವುದಿಲ್ಲ.

ಕೊಂಡ ಮೇಲೆ ಮಾಡಬೇಕಾದದ್ದು: ಎರಡು ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರಿಡಿ, 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11 ಚಾನೆಲ್‌ಗಳ ಪೈಕಿ ಗದ್ದಲ ಕಡಿಮೆ ಇರುವುದನ್ನು ಖಾಯಂ ಮಾಡಿ. ವೈಫೈ ಭದ್ರತೆಯ ಕ್ರಮವನ್ನು ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟರೆ ಹಳೆಯ ಕ್ಯಾಮೆರಾಗಳು ಸೇರುವುದೇ ಇಲ್ಲವಾದ್ದರಿಂದ ಡಬ್ಲ್ಯುಪಿಎ2 ಇರಲಿ. ಕ್ಯಾಮೆರಾದಿಂದ ಎಫ್‌ಟಿಪಿ (ಜಾಲದಲ್ಲಿ ಫೈಲ್ ಕಳುಹಿಸುವ ಒಂದು ವಿಧಾನ) ಮೂಲಕ ಕಳುಹಿಸುವುದಾದರೆ ಲ್ಯಾಪ್‌ಟಾಪ್‌ನ ಐಪಿ ವಿಳಾಸವನ್ನು (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು) ರೂಟರಿನಲ್ಲಿ ಕಾದಿರಿಸಿ. ಇಲ್ಲವಾದರೆ ಮರುದಿನ ಅದು ಬದಲಾಗಿ, ಕ್ಯಾಮೆರಾ ಹಳೆಯ ವಿಳಾಸವನ್ನೇ ಹುಡುಕುತ್ತಾ ಕೂರುತ್ತದೆ.

ಚಾರ್ಜರ್ ಚೀಲ:

ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಹೊರಾಂಗಣದಲ್ಲಿ ಕೈಕೊಡುವುದು ಹೆಚ್ಚಾಗಿ ವಿದ್ಯುತ್ತು. 20,000 ಮಿಲಿಆಂಪಿಯರ್-ಅವರ್‌ನ ಪವರ್ ಬ್ಯಾಂಕ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್. ಸರಾಸರಿ ಐದಾರು ವ್ಯಾಟ್ ಎಳೆಯುವ ರೂಟರನ್ನು, ಪರಿವರ್ತನೆಯ ನಷ್ಟ ಕಳೆದ ಮೇಲೂ, ಅದು ಹತ್ತು ಗಂಟೆಯ ಆಸುಪಾಸು ನಡೆಸುತ್ತದೆ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿರುವ 100 ವ್ಯಾಟ್-ಅವರ್ ಮಿತಿಯೊಳಗೂ ಬರುತ್ತದೆ.

ನಾನು ಪಾಠ ಕಲಿತದ್ದು ಬೇರೆಡೆ. ರೂಟರ್ ನಡೆಯುತ್ತಿದ್ದ ಪವರ್ ಬ್ಯಾಂಕಿಗೇ ಸಹಾಯಕರು ತಮ್ಮ ಫೋನನ್ನೂ ಸಿಕ್ಕಿಸಿದರು. ಎರಡನೆಯ ಪೋರ್ಟಿಗೆ ಏನಾದರೂ ಬಂದಾಗ ಹಲವು ಪವರ್ ಬ್ಯಾಂಕ್‌ಗಳು ಅರೆಕ್ಷಣ ಎಲ್ಲ ಪೋರ್ಟ್‌ಗಳನ್ನೂ ನಿಲ್ಲಿಸಿ ವೋಲ್ಟೇಜನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತವೆ. ಆ ಅರೆಕ್ಷಣಕ್ಕೆ ರೂಟರ್ ಆರಿ, ಮತ್ತೆ ಎದ್ದು ನಿಲ್ಲಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಅಂದಿನಿಂದ ರೂಟರಿನ ಪವರ್ ಬ್ಯಾಂಕಿನ ಉಳಿದ ಪೋರ್ಟ್‌ಗಳಿಗೆ ಟೇಪ್ ಅಂಟಿಸಿದ್ದೇನೆ.

ರೂಟರನ್ನು ಚೀಲದೊಳಗೆ ಬಿಡಬೇಡಿ. ಮನುಷ್ಯರ ಮೈಯಲ್ಲಿರುವ ನೀರು 2.4 ಗಿಗಾಹರ್ಟ್ಸ್ ಅಲೆಗಳನ್ನು ಚೆನ್ನಾಗಿ ಹೀರುತ್ತದೆ, ಆದ್ದರಿಂದ ಲೈಟ್ ಸ್ಟ್ಯಾಂಡಿಗೆ ಕಟ್ಟಿ ತಲೆಗಳಿಗಿಂತ ಮೇಲಕ್ಕೆ ಏರಿಸಿ. ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಕ್ಯಾಮೆರಾದ ದಾರಿ ತೆರವಾಗಿರುತ್ತದೆ. ಆದರೆ ಅಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳು ಸಾಮಾನ್ಯವಾಗಿ ರೇಡಾರ್ ಜೊತೆ ಹಂಚಿಕೊಂಡವು. ರೂಟರ್ ಅವುಗಳಲ್ಲಿ ಪ್ರಸಾರ ಆರಂಭಿಸುವ ಮೊದಲು ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು, ರೇಡಾರ್ ಕಂಡರೆ ಜಾಗ ಬಿಡಬೇಕು. ಯಾವ ಚಾನೆಲ್ ಹೊರಾಂಗಣಕ್ಕೆ ಸಲ್ಲುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ರೂಟರಿನಲ್ಲಿ ದೇಶದ ಆಯ್ಕೆ ಸರಿಯಾಗಿರಲಿ.

ಮುಕ್ಕಾಲಿ:

ಅಪಸ್ವರವೆಂದು ತಿಳಿಯಬೇಡಿ. ಆಭರಣದ ಕೆಲಸದಲ್ಲಿ ಕ್ಯಾಮೆರಾ ಟ್ರೈಪಾಡ್ ಮೇಲೆ ಇರುತ್ತದೆಯಲ್ಲವೇ? ಅಲ್ಲಿ ಐದು ಮೀಟರ್‌ನೊಳಗಿನ ಯುಎಸ್‌ಬಿ ಕೇಬಲ್ ಸಾಕು, ರಾ ಫೈಲೂ ಕಾಯಿಸದೆ ಬರುತ್ತದೆ. ರೂಟರ್ ಆಗ ಟ್ಯಾಬ್ಲೆಟ್‌ಗೆ ಮಾತ್ರ. ವೈಫೈ ಬೇಕಾಗುವುದು ರೂಪದರ್ಶಿಯ ಸುತ್ತ ನೀವು ಓಡಾಡುವಾಗ.

ಇನ್ನೊಂದು ಮಾತು: ಕಂಪನಿಯ ಸರ್ವರಿನಲ್ಲಿ ಖಾತೆ ತೆರೆಯದೆ ಕೆಲಸ ಮಾಡದ ಸಲಕರಣೆಯನ್ನು ದೂರವಿಡಿ. ವೈಫೈ ಮೆಮೊರಿ ಕಾರ್ಡ್‌ಗಳಿಗೆ ಹೆಸರಾಗಿದ್ದ ಐ-ಫೈನ ಹಳೆಯ ಮಾದರಿಗಳಿಗೆ 2016ರಲ್ಲಿ ಬೆಂಬಲ ನಿಂತಾಗ, ಸುಸ್ಥಿತಿಯಲ್ಲಿದ್ದ ಕಾರ್ಡ್‌ಗಳೂ ಮೂಲೆ ಸೇರಿದವು.

ಇಳಿಬಿಸಿಲು:

ಮೂವರಿಗೂ ಕೃತಜ್ಞತೆಗಳು. ಸ್ನೇಹಿತರ ಟ್ರಾವೆಲ್ ರೂಟರನ್ನು ಎರವಲು ತಂದು ಒಂದು ಮಧ್ಯಾಹ್ನ ಬಯಲಿನಲ್ಲಿ ಪರೀಕ್ಷಿಸಿದೆ. ಸ್ಟ್ಯಾಂಡಿನ ಮೇಲೆ ಏರಿಸಿದಾಗ ಮೂವತ್ತು ಹೆಜ್ಜೆ ದೂರದಿಂದಲೂ ಜೆಪೆಗ್‌ಗಳು ತಡೆಯಿಲ್ಲದೆ ಬಂದವು. ಅದೇ ರೂಟರನ್ನು ಚೀಲದಲ್ಲಿಟ್ಟು ನಾನು ಅಡ್ಡ ನಿಂತಾಗ ಹತ್ತು ಹೆಜ್ಜೆಗೇ ತಡವರಿಸಿತು. ಒಂದು ತೊಂದರೆ ಮಾತ್ರ ಎದುರಾಯಿತು. ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲವೆಂದು ಟ್ಯಾಬ್ಲೆಟ್ ತಾನಾಗಿ ಕಳಚಿಕೊಂಡು ಮೊಬೈಲ್ ಡೇಟಾಗೆ ಹೊರಳುತ್ತಿತ್ತು. ಅದರ ಮೊಬೈಲ್ ಡೇಟಾ ಆಫ್ ಮಾಡಿದ ಮೇಲೆ ಸಂಜೆಯವರೆಗೂ ಕದಲಲಿಲ್ಲ. ಆಭರಣಕ್ಕೆ ಕೇಬಲ್, ಉಡುಪಿಗೆ ರೂಟರ್ ಎಂದು ತೀರ್ಮಾನಿಸಿದ್ದೇನೆ.